ತುಂಡಿಗೆ ಇಷ್ಟು ಅಂತ

ಒಬ್ಬ ಹುಡುಗ ಲೆಕ್ಕದ ಪುಸ್ತಕ ಕಳೆದುಕೊಂಡಿದ್ದಾನೆ. ಎಷ್ಟು ಪೀಸ್ ಹೊಲಿದೆ ಅಂತ ಬರೆದಿಡುವ ಪುಸ್ತಕ. ಅದಿಲ್ಲದೆ ದುಡ್ಡು ಕೊಡುವುದಿಲ್ಲ ಅನ್ನುತ್ತಾನೆ ಮಾಲೀಕ. ಬಟ್ಟೆ ಹೊಲಿದಾಗಿದೆ, ಹೊಲಿದವನು ಎದುರಿಗೇ ನಿಂತಿದ್ದಾನೆ, ಆದರೂ ಪುಸ್ತಕ ಇಲ್ಲ ಅಂದಮೇಲೆ ಕೂಲಿಯೂ ಇಲ್ಲ.

ಇದು ಚೀನಾದ ನಿರ್ದೇಶಕ ವಾಂಗ್ ಬಿಂಗ್ ಅವರ 'ಯೂತ್' ಅನ್ನುವ ಸಾಕ್ಷ್ಯಚಿತ್ರದ ಎರಡನೇ ಭಾಗದಲ್ಲಿ ಬರುತ್ತದೆ. ಮೂರು ಭಾಗ ಸೇರಿದರೆ ಹತ್ತಿರ ಹತ್ತಿರ ಹತ್ತು ಗಂಟೆ. ಚಿತ್ರೀಕರಣ ಆಗಿದ್ದು 2014ರಿಂದ 2019ರವರೆಗೆ, ಚೀನಾದ ಝೆಜಿಯಾಂಗ್ ಪ್ರಾಂತ್ಯದ ಝಿಲಿ ಅನ್ನುವ ಊರಲ್ಲಿ. ಮೊದಲ ಭಾಗ 2023ರಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿತ್ತು. ಚೀನಾದ ಥಿಯೇಟರುಗಳಿಗೆ ಮಾತ್ರ ಬರಲಿಲ್ಲ. ನಾನು ನೋಡಿದ್ದು ರಜೆಗೆ ಊರಿಗೆ ಬಂದಿದ್ದಾಗ, ಬೆಂಗಳೂರಿನ ಲಗ್ಗೆರೆಯ ನಮ್ಮ ಮನೆಯಲ್ಲಿ, ಊಟ ಮುಗಿಸಿ ಅಮ್ಮನ ಪಕ್ಕ ಕೂತು.

ನಾನಿರುವುದು ಕೆಚಿಯಾವ್‌ನಲ್ಲಿ. ಅದೂ ಝೆಜಿಯಾಂಗ್‌ನಲ್ಲೇ ಇದೆ, ಬಟ್ಟೆ ವ್ಯಾಪಾರದ ಊರು, ನಮ್ಮ ದೇಶದ ವ್ಯಾಪಾರಿಗಳೂ ಜಾಸ್ತಿ. ಬಟ್ಟೆ ನೋಡುವುದು, ಚೆಕ್ ಮಾಡುವುದು, ರೇಟು ಇಳಿಸುವುದು ನನ್ನ ಕೆಲಸ. ಮಕ್ಕಳ ಬಟ್ಟೆಯ ಆರ್ಡರ್ ಇದ್ದಾಗ ಝಿಲಿಗೂ ಹೋಗುತ್ತೇನೆ. ಅಂಗಡಿಯಲ್ಲಿ ಕೂತರೆ ಬಿಸಿನೀರು ಕೊಡುತ್ತಾರೆ. ಲಾವ್‌ಬಾನ್, ಅಂದರೆ ಮಾಲೀಕ, ಕ್ಯಾಲ್ಕುಲೇಟರಿನಲ್ಲಿ ಒಂದು ನಂಬರ್ ಒತ್ತಿ ನನ್ನ ಕಡೆ ತಿರುಗಿಸುತ್ತಾನೆ. ನಾನು ಅದನ್ನು ಅಳಿಸಿ ಇನ್ನೊಂದು ಒತ್ತುತ್ತೇನೆ. ಹೀಗೇ ಐದಾರು ಸಲ. ಕೊನೆಗೆ ಪೀಸಿಗೆ ಐದು ಮಾವ್ ಇಳಿಸಿದರೆ ನನಗೆ ಆ ದಿನ ಕೆಲಸ ಆಯಿತು ಅಂತ. ಹತ್ತು ಮಾವ್‌ಗೆ ಒಂದು ಯುವಾನ್.

ಆ ಐದು ಮಾವ್ ಎಲ್ಲಿಂದ ಬರುತ್ತದೆ ಅಂತ ನಾನು ನೋಡಿದ್ದು ಸಿನಿಮಾದಲ್ಲಿ. ಅದೇ ಊರು. ನಾನು ಟ್ಯಾಕ್ಸಿ ಇಳಿದ ಬೀದಿಗಳ ಹಾಗೇ ಇರುವ ಬೀದಿ. ಕಾರ್ಖಾನೆಗಳಿರುವ ಒಂದು ರಸ್ತೆಯ ಹೆಸರೇ ಸುಖದ ರಸ್ತೆ. ಒಂದೇ ಕಟ್ಟಡದಲ್ಲಿ ಹೊಲಿಗೆ ಮೆಷಿನ್, ಅಲ್ಲೇ ಮೇಲಿನ ಮಹಡಿಯಲ್ಲಿ ಮಂಚದ ಮೇಲೆ ಮಂಚ ಇಟ್ಟ ಕೋಣೆಗಳು, ಕಸ ಬಿದ್ದ ಕಾರಿಡಾರು. ಹದಿನೇಳು, ಹದಿನೆಂಟು, ಇಪ್ಪತ್ತು ವಯಸ್ಸಿನವರು, ಜಾಸ್ತಿ ಜನ ಪಕ್ಕದ ಅನ್ಹುಯಿ ಪ್ರಾಂತ್ಯದ ಹಳ್ಳಿಗಳಿಂದ ಬಂದವರು. ತೆರೆಯ ಮೇಲೆ ಅವರ ಹೆಸರು, ವಯಸ್ಸು, ಊರು ಬರುತ್ತದೆ. ಹಿನ್ನೆಲೆ ಧ್ವನಿ ಇಲ್ಲ, ವಿವರಣೆ ಇಲ್ಲ. ಜೋರಾಗಿ ಹಾಡು ಹಾಕಿಕೊಂಡು ಹೊಲಿಯುತ್ತಾರೆ, ರೇಗಿಸುತ್ತಾರೆ, ಪ್ರೀತಿಸುತ್ತಾರೆ, ಜಗಳ ಆಡುತ್ತಾರೆ. ಸೀಸನ್ ಮುಗಿಯುವಾಗ ಗುಂಪು ಕಟ್ಟಿಕೊಂಡು ಲಾವ್‌ಬಾನ್ ಹತ್ತಿರ ಹೋಗಿ ಪೀಸಿಗೆ ಇನ್ನಷ್ಟು ಸೇರಿಸಿ ಅಂತ ಕೇಳುತ್ತಾರೆ. ಅವನು ಆಗಲ್ಲ ಅನ್ನುತ್ತಾನೆ. ಅವನ ಮೇಲೂ ಒತ್ತಡ ಇದೆ ಅಂತ ಅವನ ಮುಖ ನೋಡಿದರೆ ಗೊತ್ತಾಗುತ್ತದೆ. ಆ ಒತ್ತಡದ ಇನ್ನೊಂದು ತುದಿಯಲ್ಲಿ ನನ್ನಂಥವರು ಕೂತಿರುತ್ತೇವೆ. ನನ್ನ ಬೆರಳು ಒತ್ತಿದ ನಂಬರ್ ಮಹಡಿ ಹತ್ತಿ ಎಲ್ಲಿಗೆ ಹೋಗಿ ಸೇರುತ್ತದೆ ಅಂತ ಅವತ್ತು ತಿಳಿಯಿತು.

ಆಮೇಲೆ ಹುಡುಕಿ ಹುಡುಕಿ ಬೇರೆ ಸಿನಿಮಾ ನೋಡಿದೆ. ಚೀನಾದ ಒಳ್ಳೆಯ ನಿರ್ದೇಶಕರು ಬಡವರನ್ನು ತೋರಿಸುವಾಗ ಕಣ್ಣೀರಿಗಿಂತ ಲೆಕ್ಕವನ್ನು ಜಾಸ್ತಿ ತೋರಿಸುತ್ತಾರೆ. ಯಾರು ಯಾರಿಗೆ ಎಷ್ಟು ಕೊಡಬೇಕು, ಅಷ್ಟೇ. ಜಿಯಾ ಝಾಂಗ್‌ಕೆ ಅವರ 'ದಿ ವರ್ಲ್ಡ್' 2004ರದ್ದು. ಬೀಜಿಂಗ್‌ನ ಒಂದು ಪಾರ್ಕಿನಲ್ಲಿ ನಡೆಯುತ್ತದೆ. ಅಲ್ಲಿ ಐಫೆಲ್ ಟವರ್, ನಮ್ಮ ತಾಜಮಹಲ್ ಎಲ್ಲಾ ಪುಟ್ಟದಾಗಿ ಕಟ್ಟಿದ್ದಾರೆ. ಹಳ್ಳಿಯಿಂದ ಬಂದ ಒಬ್ಬ ಕಟ್ಟಡ ಕೆಲಸದ ಹುಡುಗ ರಾತ್ರಿ ಪಾಳಿಯಲ್ಲಿ ಅಪಘಾತವಾಗಿ ಸಾಯುತ್ತಾನೆ. ಸಾಯುವ ಮೊದಲು ಅವನು ಬರೆದಿಡುವುದು ಸಾಲದ ಪಟ್ಟಿ, ಯಾರ ಹತ್ತಿರ ಎಷ್ಟು ಇಸಕೊಂಡಿದ್ದೆ ಅಂತ. ಎಲ್ಲಾ ಸಣ್ಣ ಸಣ್ಣ ಮೊತ್ತ. ನನಗೆ ಆ ಚೀಟಿ ನೋಡಿದ ಮೇಲೆ ತಾಜಮಹಲ್ ನೆನಪಿಗೇ ಬರಲಿಲ್ಲ.

ಜಿಯಾ ಹುಟ್ಟಿದ್ದು ಶಾನ್ಶಿ ಪ್ರಾಂತ್ಯದ ಫೆನ್‌ಯಾಂಗ್‌ನಲ್ಲಿ. ಅವರ ಮೊದಮೊದಲ ಸಿನಿಮಾಗಳಲ್ಲಿ ಜನ ಆ ಕಡೆಯ ಮಾತನ್ನೇ ಆಡುತ್ತಾರೆ, ಟಿವಿಯ ಶುದ್ಧ ಮ್ಯಾಂಡರಿನ್ ಅಲ್ಲ. ಮಂಡ್ಯದವರು ಮಂಡ್ಯದ ಹಾಗೆ, ಬೀದರಿನವರು ಬೀದರಿನ ಹಾಗೆ ಮಾತಾಡಿದರೆ ನಮಗೆ ಎಷ್ಟು ಹತ್ತಿರ ಅನ್ನಿಸುತ್ತದೆ ನೋಡಿ, ಹಾಗೆ. ಚೀನಾದಲ್ಲೂ ಮಾತು ಕೇಳಿದ ತಕ್ಷಣ ನೀನು ಎಲ್ಲಿಯವನು ಅಂತ ಗೊತ್ತಾಗುತ್ತದೆ. ಅದರ ಜೊತೆ ಹುಕೋವ್ ಇದೆ. 1958ರಲ್ಲಿ ಕಾನೂನಾದ ಕುಟುಂಬ ನೋಂದಣಿ, ಯಾವ ಕುಟುಂಬ ಯಾವ ಊರಿನದು ಅಂತ. ಹಳ್ಳಿಯ ಹುಕೋವ್ ಇರುವವರು ಪಟ್ಟಣದಲ್ಲಿ ಎಷ್ಟು ವರ್ಷ ದುಡಿದರೂ ಮಕ್ಕಳ ಶಾಲೆ, ಆಸ್ಪತ್ರೆ ಅಂದಾಗ ತೊಡಕು ತಪ್ಪಿದ್ದಲ್ಲ. ಅದಕ್ಕೇ ಎಷ್ಟೋ ಜನ ಮಕ್ಕಳನ್ನು ಅಜ್ಜ ಅಜ್ಜಿ ಹತ್ತಿರ ಬಿಟ್ಟು ಬರುತ್ತಾರೆ. ನಮ್ಮ ಆಫೀಸಿನಲ್ಲಿ ಕಸ ಗುಡಿಸುವವರನ್ನು ಎಲ್ಲರೂ 'ಆಯಿ' ಅನ್ನುತ್ತಾರೆ. ಚೀನೀ ಭಾಷೆಯಲ್ಲಿ ಚಿಕ್ಕಮ್ಮ ಅಂದ ಹಾಗೆ. ನಮ್ಮ ಉತ್ತರ ಕರ್ನಾಟಕದ ಆಯಿ ನೆನಪಾಗಿ ನನಗೆ ಆ ಪದ ಅಂದರೆ ಇಷ್ಟ. ಆಯಿ ತನ್ನ ಮೊಮ್ಮಗನನ್ನು ನೋಡುವುದು ವರ್ಷಕ್ಕೊಮ್ಮೆ, ವಸಂತ ಹಬ್ಬದ ರಜೆಯಲ್ಲಿ.

2022ರಲ್ಲಿ ಬಂದ 'ರಿಟರ್ನ್ ಟು ಡಸ್ಟ್' ಇಲ್ಲಿನ ಥಿಯೇಟರುಗಳಲ್ಲಿ ಚೆನ್ನಾಗಿ ಓಡಿತು. ಗಾನ್ಸು ಪ್ರಾಂತ್ಯದ ಹಳ್ಳಿ, ಯಾರಿಗೂ ಬೇಡವಾದ ಗಂಡ ಹೆಂಡತಿ, ಒಂದು ಕತ್ತೆ. ಹೆಂಡತಿಯ ಪಾತ್ರ ಮಾಡಿದ ಹೈ ಚಿಂಗ್ ಬಿಟ್ಟರೆ ದೊಡ್ಡ ಸ್ಟಾರ್ ಇಲ್ಲ. ನಿರ್ದೇಶಕ ಲಿ ರುಯಿಜುನ್ ತಮ್ಮ ಊರಿನ ಕಡೆಯೇ, ನಾಯಕನ ಪಾತ್ರಕ್ಕೆ ತಮ್ಮ ಸಂಬಂಧಿಕರನ್ನೇ ಹಾಕಿಕೊಂಡು ತೆಗೆದರು. ಟಿಕೆಟ್ ಗಳಿಕೆ ಹತ್ತು ಕೋಟಿ ಯುವಾನ್ ದಾಟಿತು. ಸೆಪ್ಟೆಂಬರ್‌ನಲ್ಲಿ ಇಲ್ಲಿನ ಆನ್‌ಲೈನ್ ವೇದಿಕೆಗಳಿಂದ ಕಾಣೆಯಾಯಿತು. ಆ ಬಡ ರೈತನ ರಕ್ತದ ಗುಂಪು ಅಪರೂಪದ್ದು. ಊರ ಸಿರಿವಂತನಿಗೆ ಅದು ಬೇಕು. ಹಾಗಾಗಿ ಕರೆದಾಗಲೆಲ್ಲ ಹೋಗಿ ರಕ್ತ ಕೊಡುತ್ತಾನೆ. ಅವರು ಹೆಂಡತಿಗೆ ಒಂದು ಕೋಟು ಕೊಟ್ಟರೆ ಸುಮ್ನೆ ಬೇಡ, ಸಾಲ ಅಂತ ಬರೆದುಕೊಳ್ಳಿ ಅನ್ನುತ್ತಾನೆ. ತನ್ನ ರಕ್ತಕ್ಕೆ ಲೆಕ್ಕ ಕೇಳದವನು ಹೆಂಡತಿಯ ಕೋಟಿನ ಲೆಕ್ಕ ಕೊಡುತ್ತಾನೆ! ಈ ದೃಶ್ಯಕ್ಕೆ ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು.

2024ರಲ್ಲಿ ಊಟ ತಲುಪಿಸುವ ಹುಡುಗರ ಮೇಲೆ ಒಂದು ದೊಡ್ಡ ಸಿನಿಮಾ ಬಂತು. ಕೆಲಸ ಕಳೆದುಕೊಂಡ ಪ್ರೋಗ್ರಾಮರ್ ಡೆಲಿವರಿಗೆ ಇಳಿಯುವ ಕಥೆ. ಸಿರಿವಂತ ನಟರು ಬಡವರ ವೇಷ ಹಾಕಿ ಬಡವರ ಹತ್ತಿರವೇ ಟಿಕೆಟ್ ದುಡ್ಡು ಕೇಳುತ್ತಾರೆ ಅಂತ ಇಲ್ಲಿನ ಜನ ಬೈದರು. ನನಗೂ ಅದು ಅಷ್ಟು ಹಿಡಿಸಲಿಲ್ಲ, ಅಲ್ಲಿ ಕಷ್ಟವೆಲ್ಲ ಶ್ರಮ ಪಟ್ಟರೆ ಕಳೆಯುವಂಥದ್ದು.

ಮತ್ತೆ ಲಗ್ಗೆರೆಯ ಆ ರಾತ್ರಿಗೆ ಬರುತ್ತೇನೆ. ಅಮ್ಮ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹತ್ತೊಂಬತ್ತು ವರ್ಷ ಟೈಲರ್ ಆಗಿದ್ದವಳು. 2016ರ ಏಪ್ರಿಲ್‌ನಲ್ಲಿ ಪಿಎಫ್ ವಿಚಾರಕ್ಕೆ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದಾಗ ಅವಳೂ ಹೋಗಿದ್ದಳು. ಚೀನೀ ಮಾತು ಅವಳಿಗೆ ತಿಳಿಯದು, ಕೆಳಗಿನ ಇಂಗ್ಲಿಷ್ ಸಾಲೂ ಓದಲು ಬರುವುದಿಲ್ಲ. ಅವಳು ನೋಡುತ್ತಿದ್ದದ್ದು ಕೈಗಳನ್ನು.

"ಇವರಿಗೆ ಸೂಪರ್‌ವೈಸರ್ ಇಲ್ವೇನೇ? ಬೈಯೋರು ಇಲ್ದೇನೇ ಹಿಂಗೆ ಓಡ್ತಾವಲ್ಲ ಕೈ."

ತಿಂಗಳ ಸಂಬಳ ಅಲ್ಲಮ್ಮ, ಪೀಸ್ ರೇಟು ಅಂದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪುಸ್ತಕ ಕಳೆದ ಹುಡುಗನ ಕಥೆ ಬಿಡಿಸಿ ಹೇಳಿದಾಗ ಎದ್ದು ಒಳಗೆ ಹೋದಳು. ಬೀರುವಿನಲ್ಲಿ ಸೀರೆಗಳ ಕೆಳಗಿಂದ ಒಂದು ಹಳೇ ಡೈರಿ ತಂದಳು. ಅದನ್ನು ನಾನು ಯಾವತ್ತೂ ನೋಡಿರಲಿಲ್ಲ. ತಾರೀಖು, ಅದರ ಮುಂದೆ ಎಷ್ಟು ಗಂಟೆ ಓವರ್‌ಟೈಮ್ ಅಂತ. 1, 1½, 2. ಕೆಲವು ಅಂಕಿಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಳು. ಪುಟ ತಿರುಗಿಸಿದಷ್ಟೂ ಸುತ್ತು.

"ಇದ್ಯಾಕಮ್ಮ ಸುತ್ತು ಹಾಕಿದೀಯ?"

"ಅವು ಬರ್ಲಿಲ್ಲ ಕಣೇ."