ಬೆಂಕಿಗೆ ಅಪ್ಪನ ಹೆಸರು ಗೊತ್ತಿರಲಿಲ್ಲ

ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ಗೌರಿ ಹಬ್ಬಕ್ಕೆ ಇನ್ನು ಒಂಬತ್ತು ದಿನ ಇದೆ ಅನ್ನುವಾಗ ಅಪ್ಪನ ಟೈಲರ್ ಅಂಗಡಿ ಸುಟ್ಟುಹೋಯಿತು. ಹಳೇ ವೈರಿನಿಂದ ರಾತ್ರಿ ಕಿಡಿ ಹಾರಿತ್ತು. ಎರಡು ಮಿಷನ್, ಊರವರ ಹಬ್ಬದ ಬಟ್ಟೆ, ಅಳತೆ ಪುಸ್ತಕ, ಒಂದೂ ಉಳಿಯಲಿಲ್ಲ. ಮಾತಾಡಿಸಲು ಬಂದ ಕೆಲವರು "ಯಾವ ಜನ್ಮದ ಪಾಪವೋ ಏನೋ" ಅಂದರು. ಅಪ್ಪ ಅದನ್ನು ನಂಬಿಬಿಟ್ಟರು. ನನಗೆ ಬೆಂಕಿಗಿಂತ ಜಾಸ್ತಿ ಸುಟ್ಟದ್ದು ಆ ಮಾತು.

ಒಂದು ವಾರ ಬಿಟ್ಟು ಕಾಲೇಜಿಗೆ ಹೋದೆ. ತತ್ವಶಾಸ್ತ್ರದ ಮೇಷ್ಟ್ರು ಅವತ್ತು ಇಬ್ನ್ ಸೀನಾ ಪಾಠ ಮಾಡುತ್ತಿದ್ದರು. 980ರಲ್ಲಿ ಈಗಿನ ಉಜ್ಬೇಕಿಸ್ತಾನದ ಬುಖಾರಾ ಹತ್ತಿರ ಹುಟ್ಟಿ, 1037ರಲ್ಲಿ ಇರಾನಿನ ಹಮದಾನಿನಲ್ಲಿ ತೀರಿಕೊಂಡ ವೈದ್ಯರು, ತತ್ವಜ್ಞಾನಿ. ದೇವರು ಜಗತ್ತನ್ನು ನೋಡಿಕೊಳ್ಳುವುದಕ್ಕೆ ಅರಬ್ಬಿಯಲ್ಲಿ 'ಇನಾಯಾ' ಅನ್ನುತ್ತಾರೆ. ಹಾಗೆ ನೋಡಿಕೊಳ್ಳುವವನು ಇದ್ದಾಗ ಕೆಟ್ಟದ್ದು ಎಲ್ಲಿಂದ ಬಂತು? ಕುರುಡು ಅಂತ ಬೇರೆ ಒಂದು ವಸ್ತು ಇಲ್ಲ, ಕಣ್ಣಿನಲ್ಲಿ ನೋಟ ಇಲ್ಲದಿರುವುದೇ ಕುರುಡು. ಕೆಡುಕೂ ಹಾಗೇ, ಇರಬೇಕಾದದ್ದು ಇಲ್ಲದಿರುವುದು. ಇದು ಇಬ್ನ್ ಸೀನಾ ಅವರ ಮೊದಲ ಮಾತು.

ಆಮೇಲೆ ಮೇಷ್ಟ್ರು ಬೆಂಕಿಯ ಉದಾಹರಣೆಗೆ ಬಂದರು. ಇಬ್ನ್ ಸೀನಾ ಬರೆದ 'ಶಿಫಾ' ಗ್ರಂಥದಲ್ಲೇ ಇರುವ ಉದಾಹರಣೆ ಅದು. ಸುಡದಿದ್ದರೆ ಅದು ಬೆಂಕಿಯೇ ಅಲ್ಲ. ಒಬ್ಬ ಒಳ್ಳೆಯವನ ಬಟ್ಟೆ ಅದಕ್ಕೆ ತಗುಲಿದರೆ ಆ ಬಟ್ಟೆಯೂ ಸುಡುತ್ತದೆ.

ಬಟ್ಟೆ ಅಂದ ಕೂಡಲೇ ನಾನು ಎದ್ದು ನಿಂತೆ. "ಬಟ್ಟೆ ಸುಡದ ಬೆಂಕಿ ಮಾಡೋಕೆ ದೇವರಿಗೆ ಆಗ್ತಿರಲಿಲ್ವಾ ಸಾರ್?"

ನನ್ನ ಮನೆಯ ವಿಷಯ ಅವರಿಗೆ ಗೊತ್ತಿತ್ತು. ಆದರೂ ಪಾಠ ಬಿಟ್ಟು ಸಮಾಧಾನ ಹೇಳಲು ಹೋಗಲಿಲ್ಲ. ನನ್ನ ಪ್ರಶ್ನೆಗೇ ಉತ್ತರ ಕೊಟ್ಟರು. ಅದು ನನಗೆ ಇವತ್ತಿಗೂ ದೊಡ್ಡದು. ಬೆಂಕಿಯಿಂದ ಆಗುವ ಒಳ್ಳೆಯದು ತುಂಬ, ಕೆಡುಕು ಅಪರೂಪ. ಆ ಅಪರೂಪಕ್ಕೆ ಹೆದರಿ ಅಷ್ಟೂ ಒಳ್ಳೆಯದನ್ನು ಬಿಡುವುದೇ ದೊಡ್ಡ ಕೆಡುಕು ಅಂತ ಇಬ್ನ್ ಸೀನಾ ವಾದ. ಅದನ್ನು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಂಕಿಗೆ ನಿಮ್ಮಪ್ಪನ ಹೆಸರು ಗೊತ್ತಿರಲಿಲ್ಲ ಕಣಪ್ಪಾ" ಅಂದರು.

ಮರುದಿನ ಅವರೇ ಎದುರು ಪಕ್ಷದ ಕತೆ ತಂದರು. ಇರಾಕಿನ ಬಸ್ರಾದಲ್ಲಿ ಮುತಜಿಲಾ ಅನ್ನುವ ಇಸ್ಲಾಮಿನ ಒಂದು ಪಂಥದ ಪಂಡಿತರು ದೇವರು ನ್ಯಾಯವಂತ, ಮನುಷ್ಯರಿಗೆ ಒಳ್ಳೆಯದನ್ನೇ ಮಾಡುತ್ತಾನೆ ಅನ್ನುತ್ತಿದ್ದರು. ಅವರಲ್ಲಿ ಹಿರಿಯರಾದ ಜುಬ್ಬಾಯಿಯನ್ನು ಶಿಷ್ಯ ಅಶ್‌ಅರಿ ಮೂವರು ಅಣ್ಣತಮ್ಮಂದಿರ ಬಗ್ಗೆ ಕೇಳಿದನಂತೆ. ಒಬ್ಬ ಭಕ್ತ, ಒಬ್ಬ ಪಾಪಿ, ಒಬ್ಬ ಮಗುವಾಗಿದ್ದಾಗಲೇ ಸತ್ತವನು. ನನಗೂ ಆಯಸ್ಸು ಕೊಟ್ಟಿದ್ದರೆ ಅಣ್ಣನಂತೆ ದೊಡ್ಡ ಸ್ಥಾನ ಪಡೆಯುತ್ತಿದ್ದೆ ಅಂತ ಮಗು ಕೇಳುತ್ತದೆ. ನೀನು ಬೆಳೆದಿದ್ದರೆ ಪಾಪ ಮಾಡುತ್ತಿದ್ದೆ, ಅದಕ್ಕೇ ಬೇಗ ಕರೆಸಿಕೊಂಡೆ ಅನ್ನುತ್ತಾನೆ ದೇವರು. ಆಗ ನರಕದಿಂದ ಪಾಪಿ ಕೂಗುತ್ತಾನೆ: ನನ್ನನ್ನೂ ಯಾಕೆ ಹಾಗೆ ಕರೆಸಿಕೊಳ್ಳಲಿಲ್ಲ? ಜುಬ್ಬಾಯಿ ಬಳಿ ಉತ್ತರ ಇರಲಿಲ್ಲವಂತೆ. ಕತೆ ಆಮೇಲೆ ಕಟ್ಟಿದ್ದಿರಬಹುದು ಅಂತಲೂ ಮೇಷ್ಟ್ರು ಹೇಳಿದರು. ಆದರೆ ಆ ಪ್ರಶ್ನೆ ನಿಜವಾದದ್ದೇ, ಅಲ್ವಾ?

ಇಬ್ನ್ ಸೀನಾ ಹೇಳಿದ್ದನ್ನೆಲ್ಲ ನಾನು ಒಪ್ಪುವುದಿಲ್ಲ. ಬೆಂಕಿ ಆರಿಸಲು ಹೋಗಿ ಅಪ್ಪನ ಅಂಗೈ ಬೆಂದಿತ್ತು. ಆ ನೋವನ್ನು 'ಇಲ್ಲದಿರುವುದು' ಅಂತ ಹೇಗೆ ಕರೆಯಲಿ? ಆದರೂ ಬೆಂಕಿಯ ಮಾತನ್ನು ಅವತ್ತೇ ಸಂಜೆ ಮನೆಗೆ ಹೊತ್ತುಕೊಂಡು ಹೋಗಿದ್ದೆ.

ಅಪ್ಪ ಜಗಲಿಯಲ್ಲಿ ಕೂತು, ಪಕ್ಕದ ಮನೆಯವರು ಕೊಟ್ಟ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದರು. ಪೂರ್ತಿ ಕೇಳಿಸಿಕೊಂಡರು. "ಹಂಗಾದ್ರೆ ಅವನಿಗೆ ನಮ್ ಮೇಲೆ ಸಿಟ್ಟು ಇರಲಿಲ್ಲ ಅನ್ನು" ಅಂದರು. ಇನ್ನೊಂದು ಸಲ ಹೇಳು ಅಂದರು. ಹೇಳಿದೆ. ಅವರು ಕಣ್ಣೊರೆಸಿಕೊಂಡು, ಕೆಂಡ ಊದಿ, ಮಡಿಲಲ್ಲಿದ್ದ ಅಂಗಿಯನ್ನು ಹಲಗೆಯ ಮೇಲೆ ಹರಡಿದರು.