ಯಾವ ಹೋಮ್ ಒಳ್ಳೇದು ಅಂತ ನನ್ನ ಕೇಳಬೇಡಿ

ಪುಣೆಯಲ್ಲಿ ಕನ್ನಡದವರು ನಾಲ್ಕು ಜನ ಸೇರಿದ ಕಡೆ ಹೋದರೆ ಸಾಕು, ಯಾರಾದರೊಬ್ಬರು ನನ್ನನ್ನು ಪಕ್ಕಕ್ಕೆ ಕರೆಯುತ್ತಾರೆ. ದನಿ ತಗ್ಗಿಸಿ ಕೇಳುತ್ತಾರೆ: "ಮರೆವಿನ ಕಾಯಿಲೆ ಇರೋರಿಗೆ ಒಳ್ಳೇ ಹೋಮ್ ಯಾವುದು? ನಿಮಗೆ ಗೊತ್ತಿರುತ್ತಲ್ಲ." ನಮ್ಮ ಅತ್ತೆಯನ್ನು ಅಂಥ ಒಂದು ಮನೆಯಲ್ಲಿ ಇಟ್ಟಿರುವುದರಿಂದ ನಾನು ತಜ್ಞೆ ಎಂದು ತೀರ್ಮಾನವಾಗಿದೆ. ಕೇಳಿದ ಮೇಲೆ ಎಲ್ಲರೂ ಒಂದು ಮಾತು ಸೇರಿಸುತ್ತಾರೆ: "ನಮಗಲ್ಲ, ಪರಿಚಯದವರಿಗೆ." ಈ ಊರಿನಲ್ಲಿ ಡಿಮೆನ್ಷಿಯಾ ಬರುವುದು ಪರಿಚಯದವರಿಗೆ ಮಾತ್ರ.

ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಇಂಥ ಜಾಗ ನಿಂತಿರುವುದು ಅಲ್ಲಿ ಕೆಲಸ ಮಾಡುವ ಮಾವಶಿಗಳ, ಅಂದರೆ ಆಯಾಗಳ, ಮೇಲೆ. ಒಳ್ಳೆಯ ಮಾವಶಿಗಳಿಬ್ಬರು ಕೆಲಸ ಬಿಟ್ಟರೆ ಹೋದ ವರ್ಷದ ಒಳ್ಳೇ ಹೋಮ್ ಈ ವರ್ಷ ಬರೀ ಬೋರ್ಡು. ಇನ್ನೊಂದು, ನಮ್ಮ ಅತ್ತೆ ಓಡಾಡುತ್ತಾರೆ. ನಿಮ್ಮ 'ಪರಿಚಯದವರು' ಹಾಸಿಗೆ ಹಿಡಿದಿರಬಹುದು. ಇಬ್ಬರಿಗೂ ಒಂದೇ ಜಾಗ ಹೇಗೆ ಸರಿಹೋಗುತ್ತದೆ?

ಹೆಸರು ಕೇಳುವವರಾದರೂ ಪರವಾಗಿಲ್ಲ. "ಅಲ್ಲಿ ಚೆನ್ನಾಗಿ ನೋಡ್ಕೋತಾರಾ?" ಎನ್ನುವವರು ನಿಜವಾಗಿ ಹೋಮಿನ ಬಗ್ಗೆ ಕೇಳುತ್ತಿರುವುದೇ ಇಲ್ಲ.

ಕೊಥ್ರೂಡಿನಲ್ಲಿ ಒಂದು ಮದುವೆ. ಮಸಾಲೆ ಭಾತ್, ಜಿಲೇಬಿ, ಮಠ್ಠಾ, ಎಲ್ಲ ಪುಣೆಯ ಪದ್ಧತಿ. ನಾನು ತಟ್ಟೆ ಹಿಡಿದು ಜಾಗ ಹುಡುಕುತ್ತಿದ್ದೆ. ನನ್ನ ಗಂಡನ ಕಡೆಯ ಹಿರಿಯ ಹೆಂಗಸೊಬ್ಬರು, ಎಲ್ಲರೂ ಕಾಕು ಅಂತಲೇ ಕರೆಯುತ್ತಾರೆ, ಕೈ ಹಿಡಿದು ಕೂರಿಸಿಕೊಂಡರು. "ಏನವಾ, ನಿಮ್ಮತ್ತಿನ ಅಲ್ಲೇ ಬಿಟ್ಟೀರಂತಲ್ಲ? ಚೊಲೋ ನೋಡ್ಕೋತಾರೇನು?" ಅಂದರು. ನಾನು "ಹೂಂ" ಅಂದೆ. "ಅಲ್ಲವಾ, ನಿಮ್ಮನಿ ದೊಡ್ಡದೈತಿ" ಅಂದರು. ನನ್ನ ಗಂಡ ಎರಡು ಮೇಜಿನಾಚೆ ಎರಡನೇ ಸಲ ಜಿಲೇಬಿ ಹಾಕಿಸಿಕೊಳ್ಳುತ್ತಿದ್ದ. ಅತ್ತೆ ಹೆತ್ತದ್ದು ಅವನನ್ನು. ಅವನನ್ನು ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಅವನನ್ನು ಕೇಳುವುದು "ಪಾಪ, ನಿನಗೆಷ್ಟು ಕಷ್ಟ ಅಲ್ವಾ?" ಅಂತ.

ಅಷ್ಟರಲ್ಲಿ ಕಾಕು ಅವರ ಮಗ ಬಂದು ಕೂತ. ಅಪ್ಪ ಅಮ್ಮನನ್ನು ಬಿಟ್ಟರೆ ಜೈಲು ಅಂತ ಕಾನೂನಿದೆ ಗೊತ್ತಾ ಅಂದ. ಗೊತ್ತು. 2007ರ ಹಿರಿಯ ನಾಗರಿಕರ ಕಾನೂನು. ಪೂರ್ತಿ ಕೈಬಿಡುವ ಉದ್ದೇಶದಿಂದ ಹಿರಿಯರನ್ನು ಎಲ್ಲಾದರೂ ಬಿಟ್ಟು ಹೋದರೆ 3 ತಿಂಗಳವರೆಗೆ ಸೆರೆಮನೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸ್ವಾಮಿ, ಆ ದಂಡದ ದುಡ್ಡು ನಮ್ಮಲ್ಲಿ ಡೈಪರಿಗೇ ಹೋಗುತ್ತದೆ, ಅದೂ ಪ್ರತಿ ತಿಂಗಳು. ಕೈಬಿಡುವವರು ಬಿಲ್ ಕಟ್ಟುವುದಿಲ್ಲ. ಅದೇ ಕಾನೂನಿನಲ್ಲಿ, ಬಡ ಹಿರಿಯರಿಗಾಗಿ ಸರ್ಕಾರ ಜಿಲ್ಲೆಗೊಂದರಂತೆ ಕನಿಷ್ಠ 150 ಜನ ಇರಬಹುದಾದ ವೃದ್ಧಾಶ್ರಮ ತೆರೆಯಬಹುದು ಅಂತಲೂ ಇದೆ. ಮದುವೆ ಊಟದಲ್ಲಿ ಆ ಸೆಕ್ಷನ್ ಯಾರೂ ಎತ್ತುವುದಿಲ್ಲ.

ಮನೆ ದೊಡ್ಡದು, ನಿಜ. ಆದರೆ ರಾತ್ರಿ ಎರಡು ಗಂಟೆಗೆ ಗ್ಯಾಸ್ ಹಚ್ಚಲು ಹೋಗುವವರಿಗೆ ದೊಡ್ಡ ಮನೆ ಅಂದರೆ ದೂರದ ಅಡುಗೆಮನೆ, ಅಷ್ಟೆ. ಅತ್ತೆ ಮನೆ ಬಿಟ್ಟು ಹೊರಟು ಸಿಂಹಗಡ ರಸ್ತೆಯಲ್ಲಿ ಸಿಕ್ಕ ಕಥೆ ಕಾಕುಗೆ ಗೊತ್ತಿತ್ತು. ಅದನ್ನು ನಾನೇ ಹೇಳಿದ್ದೆ. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ ಡಿಮೆನ್ಷಿಯಾ ಇದೆ, ಸುಮಾರು 88 ಲಕ್ಷ ಜನ. ಇಷ್ಟು ಮನೆಗಳಲ್ಲಿ ಸೊಸೆಯಂದಿರೇ ಕೆಟ್ಟವರು ಅನ್ನೋದಾದರೆ ಅದೂ ಒಂದು ಅಧ್ಯಯನದ ವಿಷಯವೇ.

ಸರಿ, ಬೈದದ್ದು ಸಾಕು. ಹೋಮ್ ನೋಡಲು ಹೋಗುವವರಿಗೆ ನಾನು ಹೇಳುವುದು ಇಷ್ಟು.

ಮೊದಲು ಫೋನಿನಲ್ಲೇ ಒಂದು ವಿಷಯ ಕೇಳಿಕೊಳ್ಳಿ. ಎಷ್ಟೋ ವೃದ್ಧಾಶ್ರಮಗಳು 'ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರನ್ನು ಮಾತ್ರ' ತೆಗೆದುಕೊಳ್ಳುತ್ತವೆ. ಅಲ್ಲಿಗೆ ಹೋಗಿ ಗಾರ್ಡನ್ ನೋಡಿ ಖುಷಿಪಟ್ಟು ಪ್ರಯೋಜನವಿಲ್ಲ. ಡಿಮೆನ್ಷಿಯಾದವರನ್ನು ತೆಗೆದುಕೊಳ್ಳುವ ಜಾಗಗಳಲ್ಲಿ ಹಲವು ಬಾಡಿಗೆ ಬಂಗಲೆಗಳು. ಮೆಟ್ಟಿಲು ಇರುತ್ತದೆ, ಬಾತ್‌ರೂಮಿನ ಹೊಸ್ತಿಲು ಎತ್ತರ ಇರುತ್ತದೆ, ನೆಲ ಕನ್ನಡಿಯ ಹಾಗೆ ಹೊಳೆಯುತ್ತದೆ. ಹೊಳೆಯುವ ನೆಲ ಒದ್ದೆಯಾಗಿದೆ ಅನ್ನಿಸಿ ಅವರು ಕಾಲಿಡಲು ಹೆದರುತ್ತಾರೆ. ಬಂದ ಮಕ್ಕಳು ಮಾತ್ರ "ಎಷ್ಟು ಕ್ಲೀನ್" ಅಂತಾರೆ.

ಹೋಗುವುದಾದರೆ ಸಂಜೆ ಐದರ ಮೇಲೆ ಹೋಗಿ. ಬೆಳಗ್ಗೆ ಹನ್ನೊಂದಕ್ಕೆ ಎಲ್ಲ ಹೋಮೂ ಚೆಂದ. ಸ್ನಾನ ಆಗಿರುತ್ತದೆ, ಯಾರೋ ಭಜನೆ ಹಾಕಿರುತ್ತಾರೆ. ಡಿಮೆನ್ಷಿಯಾದವರಲ್ಲಿ ತುಂಬಾ ಜನಕ್ಕೆ ಹೊತ್ತು ಮುಳುಗುವಾಗ ತಳಮಳ ಜಾಸ್ತಿಯಾಗುತ್ತದೆ. ಬಾಗಿಲು ಬಡಿಯುತ್ತಾರೆ, ಅಳುತ್ತಾರೆ, "ಮನಿಗೆ ಹೋಗೂಣು ನಡಿ" ಅಂತಾರೆ. ಆಗ ಅಲ್ಲಿಯವರು ಏನು ಮಾಡುತ್ತಾರೆ ನೋಡಿ. ಗದರುತ್ತಾರಾ, ಕುರ್ಚಿಗೆ ಕಟ್ಟುತ್ತಾರಾ, ಇಲ್ಲ ಕೈ ಹಿಡಿದು ಎರಡು ಸುತ್ತು ಓಡಾಡಿಸುತ್ತಾರಾ. ಓಡಾಡಿಸಲು ಜಾಗ ಇದೆಯಾ ಅಂತಲೂ ನೋಡಿ.

ಎಲ್ಲರೂ ತೂಕಡಿಸುತ್ತಿದ್ದರೆ ಮಾತ್ರೆಯ ಬಗ್ಗೆ ಕೇಳಿ. ಗಲಾಟೆ ತಗ್ಗಿಸಲು ಕ್ವೆಟಿಯಾಪಿನ್, ರಿಸ್ಪೆರಿಡೋನ್ ತರಹದ ಮಾತ್ರೆ ಕೊಡುವುದುಂಟು. ಡಿಮೆನ್ಷಿಯಾ ಇರುವ ವಯಸ್ಸಾದವರಲ್ಲಿ ಈ ಬಗೆಯ ಔಷಧಿಯಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಬೇಡವೇ ಬೇಡ ಅಂತಲ್ಲ. ಅತ್ತೆಗೂ ಸ್ವಲ್ಪ ದಿನ ಕೊಟ್ಟಿದ್ದರು. ಆದರೆ ಯಾವ ಡಾಕ್ಟರು ಬರೆದರು, ಯಾಕೆ ಬರೆದರು, ಯಾವಾಗ ನಿಲ್ಲಿಸುತ್ತಾರೆ ಅನ್ನುವುದಕ್ಕೆ ಉತ್ತರ ಇರಬೇಕು. ಮ್ಯಾನೇಜರ್ ತಾನೇ ಡೋಸ್ ಏರಿಸುವ ಜಾಗ ಆದರೆ ಚಪ್ಪಲಿ ಹಾಕಿಕೊಂಡು ಹೊರಡಿ.

ರಾತ್ರಿ ಎಷ್ಟು ಜನ ಇರುತ್ತಾರೆ ಅಂತ ಕೇಳಿ. "ಸ್ಟಾಫ್ ಇಪ್ಪತ್ತನಾಲ್ಕು ತಾಸೂ ಇರ್ತಾರೆ" ಅನ್ನುತ್ತಾರೆ. ಇರುತ್ತಾರೆ, ನಿದ್ದೆಯಲ್ಲಿ. ಎದ್ದಿರುವವರು ಎಷ್ಟು? ಹಾಸಿಗೆ ಹಿಡಿದವರಿಗೆ ರಾತ್ರಿಯೂ ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಮುಂಬಾಗಿಲಿಗೆ ಬೀಗ ಹಾಕುವುದು ಸರಿ, ಓಡಿಹೋಗುವವರಿರುತ್ತಾರೆ. ಆ ಕೀಲಿ ರಾತ್ರಿ ಯಾರ ಹತ್ತಿರ ಇರುತ್ತದೆ? ಒಂದು ಕಡೆ ಈ ಪ್ರಶ್ನೆಗೆ ಮಾಲೀಕರು ಮ್ಯಾನೇಜರನ್ನು ನೋಡಿದರು, ಮ್ಯಾನೇಜರು ವಾಚ್‌ಮನ್‌ನನ್ನು ಕರೆದರು. ವಾಚ್‌ಮನ್ ರಜೆಯಲ್ಲಿದ್ದ.

ಮಾಲೀಕರನ್ನು ಬಿಟ್ಟು ಮಾವಶಿಯರ ಹತ್ತಿರ ಮಾತಾಡಿ. ಇಲ್ಲಿಗೆ ಬಂದು ಎಷ್ಟು ದಿನ ಆಯ್ತು ಅಂತ ಕೇಳಿ. ಎಲ್ಲರೂ ಹೋದ ತಿಂಗಳು ಬಂದವರಾದರೆ ಅದಕ್ಕೊಂದು ಕಾರಣ ಇರುತ್ತದೆ. ಗಣಪತಿ ಹಬ್ಬಕ್ಕೆ, ದೀಪಾವಳಿಗೆ ಅರ್ಧ ಸ್ಟಾಫು ಊರಿಗೆ ಹೋಗುತ್ತದೆ. ಆಗ ಯಾರು ಬರುತ್ತಾರೆ? ಆಯಾಗಳನ್ನು ಕಳಿಸುವ ಬ್ಯೂರೋದಿಂದ ದಿನಗೂಲಿಗೆ ಬಂದ ಹುಡುಗಿಗೆ ಅತ್ತೆಯ ಹಲ್ಲಿನ ಸೆಟ್ಟು ಯಾವುದು, ಪಕ್ಕದವರದ್ದು ಯಾವುದು ಗೊತ್ತಿರುತ್ತದಾ? ನಗಬೇಡಿ. ಕನ್ನಡಕ, ಕಿವಿಯ ಮಷಿನ್, ಹಲ್ಲಿನ ಸೆಟ್ಟು ಕಳೆಯುವಷ್ಟು ಸಲೀಸಾಗಿ ಇಂಥ ಕಡೆ ಬೇರೇನೂ ಕಳೆಯುವುದಿಲ್ಲ. ಕಿವಿ ಕೇಳದೆ, ಕಣ್ಣು ಕಾಣದೆ ಕೂತವರನ್ನು ನೋಡಿ "ಕಾಯಿಲೆ ಜಾಸ್ತಿಯಾಗಿದೆ" ಅಂತ ಎಲ್ಲರೂ ತಲೆ ಆಡಿಸುತ್ತಾರೆ.

ಭಾಷೆಯ ವಿಷಯ ನಮ್ಮಂಥವರಿಗೆ ಬೇರೆಯೇ ಇದೆ. ಅತ್ತೆ ಗದಗ ಕಡೆಯವರು. ಮದುವೆಯಾಗಿ ಪುಣೆಗೆ ಬಂದು, ಮಂಡಈಯಲ್ಲಿ, ಅಂದರೆ ತರಕಾರಿ ಮಾರುಕಟ್ಟೆಯಲ್ಲಿ, ಚೌಕಾಸಿ ಮಾಡುವಷ್ಟು ಗಟ್ಟಿ ಮರಾಠಿ ಕಲಿತಿದ್ದರು. ಡಿಮೆನ್ಷಿಯಾದಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಸಡಿಲವಾಗುವುದುಂಟು. ಅವರಿಗೆ ಮರಾಠಿ ಹೋಯಿತು, ಗದಗಿನ ಕನ್ನಡ ಉಳಿಯಿತು. ಮೊದಲು ಇಟ್ಟ ಜಾಗದಿಂದ ಫೋನ್ ಬಂತು: ಆಜಿ ಹೊಡೆಯುತ್ತಾರೆ, ಸೀರೆ ಕಿತ್ತುಕೊಳ್ಳುತ್ತಾರೆ, ಮಾತ್ರೆ ಬೇಕಾಗುತ್ತದೆ. ನಾನು ಹೋಗಿ ಕೂತೆ. ಅವರು ಸೀರೆ ಹಿಡಿದುಕೊಂಡು "ಬಚ್ಚಲಕ್ಕ ಹೋಗ್ತೀನಿ, ಬಚ್ಚಲಕ್ಕ ಹೋಗ್ತೀನಿ" ಅನ್ನುತ್ತಿದ್ದರು. ಅವರನ್ನು ಹಿಡಿದು ಕೂರಿಸುತ್ತಿದ್ದರು. ಒಂದಕ್ಕೆ ಹೋಗಬೇಕೆಂದವರನ್ನು ಹಿಡಿದು ಕೂರಿಸಿದರೆ ನಾನಾದರೂ ಹೊಡೆಯುತ್ತೇನೆ.

ನೀರು, ಬಚ್ಚಲು, ಹಸಿವು, ನೋವು, ಸಾಕು, ಬ್ಯಾಡ ಇವನ್ನೆಲ್ಲ ಅಲ್ಲಿಯವರಿಗೆ ಓದಲು ಬರುವ ಹಾಗೆ ದೇವನಾಗರಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಈಗಿರುವ ಕಡೆ ಅಕ್ಕಲಕೋಟದ ಒಬ್ಬ ಮಾವಶಿ ಇದ್ದಾರೆ. ಸೊಲ್ಲಾಪುರದ ಆ ಕಡೆ ಮನೆಮಾತು ಕನ್ನಡವೇ ಇರುವವರು ಬೇಕಾದಷ್ಟಿದ್ದಾರೆ, ಪುಣೆಗೆ ಈ ಕೆಲಸಕ್ಕೂ ಬರುತ್ತಾರೆ. ಹೋದ ಕಡೆಯೆಲ್ಲ "ಇಲ್ಲಿ ಯಾರಿಗಾದರೂ ಕನ್ನಡ ಬರುತ್ತಾ?" ಅಂತ ಕನ್ನಡದಲ್ಲೇ ಗಟ್ಟಿಯಾಗಿ ಕೇಳಿ. ಯಾರಾದರೂ ತಿರುಗಿ ನೋಡಿದರೆ ಅರ್ಧ ಕೆಲಸ ಆದಂತೆ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. ನೋಡಲು ಹೋದವರು ಹೋಮಿನವರನ್ನೂ ಕೇಳುವುದಿಲ್ಲ. ಇವರನ್ನು ನೀವು ಯಾವಾಗ ವಾಪಸ್ ಕಳಿಸುತ್ತೀರಿ?

ಸೇರಿಸುವಾಗ ಎಲ್ಲರೂ ಸೇರಿಸುವ ಮಾತೇ ಆಡುತ್ತೇವೆ. ಆದರೆ ಈ ಕಾಯಿಲೆ ನಿಂತಲ್ಲೇ ನಿಲ್ಲುವುದಿಲ್ಲ. ಈಗ ಓಡಾಡುವವರು ಮುಂದೆ ನಡೆಯಲಾರರು, ಆಮೇಲೆ ನುಂಗುವುದೇ ಕಷ್ಟವಾಗುತ್ತದೆ, ತಿಂದದ್ದು ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಆ ಹೊತ್ತಿಗೆ "ಇನ್ನು ನಮ್ಮ ಕೈಲಾಗಲ್ಲ, ಕರೆದುಕೊಂಡು ಹೋಗಿ" ಅಂತ ಎರಡು ದಿನ ಟೈಮ್ ಕೊಡುವ ಜಾಗಗಳಿವೆ. ನಮಗೂ ಆ ಫೋನ್ ಬಂದಿದೆ. ಮೇಲೆ ಹೇಳಿದ ಬಚ್ಚಲಿನ ಜಾಗದಿಂದಲೇ.

ಆಮೇಲೆ ಹೋದಲ್ಲೆಲ್ಲ ಇದನ್ನೇ ಮೊದಲು ಕೇಳಿದೆ. ಹೆಚ್ಚಿನವರು "ಛೆ, ನಾವು ಯಾರನ್ನೂ ಕಳಿಸಲ್ಲ, ಇವರೆಲ್ಲ ನಮ್ಮ ಅಪ್ಪ ಅಮ್ಮ ಇದ್ದ ಹಾಗೆ" ಅಂದರು. ನನ್ನ ಸ್ವಂತ ಅನುಭವದಲ್ಲಿ ಅಪ್ಪ ಅಮ್ಮನ ಮಾತು ಬಂದ ಕಡೆ ರೇಟು ಕೂಡ ಜಾಸ್ತಿ. ಒಬ್ಬ ಹೆಂಗಸು ಮಾತ್ರ ರಿಜಿಸ್ಟರ್ ತೆಗೆದು ಬೆರಳಿಟ್ಟು ಹೇಳಿದರು: ಮೂಗಿಗೆ ನಳಿಕೆ ಹಾಕಿದವರನ್ನು ನಾವು ಇಟ್ಟುಕೊಳ್ಳಲ್ಲ, ರಾತ್ರಿ ನಮ್ಮಲ್ಲಿ ನರ್ಸ್ ಇಲ್ಲ. ಬೇರೆಯವರಿಗೆ ಹೊಡೆದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸ್ತೇವೆ, ಸೋಂಕಿದ್ದರೆ ಒಮ್ಮೆಲೆ ಹಾಗೆ ಆಡ್ತಾರೆ. ಆಮೇಲೂ ತಗ್ಗದಿದ್ದರೆ ಡಾಕ್ಟರು, ಅದಕ್ಕೂ ಆಗದಿದ್ದರೆ ಒಂದು ತಿಂಗಳು ಮೊದಲು ನಿಮಗೆ ಹೇಳ್ತೇವೆ. ಅತ್ತೆ ಈಗ ಇರುವುದು ಅಲ್ಲೇ. ಗೋಡೆಗೆ ಬಣ್ಣ ಹೊಡೆಸಿ ಬಹಳ ಕಾಲವಾಗಿದೆ.

ಅವರು ಹೇಳಿದ್ದನ್ನು ಕರಾರು ಪತ್ರದಲ್ಲಿ ಬರೆಸಿದೆವು. ಡೆಪಾಸಿಟ್ ಎಷ್ಟು ವಾಪಸ್ ಬರುತ್ತದೆ, ಆಸ್ಪತ್ರೆಗೆ ಸೇರಿಸಿದ ದಿನಗಳಿಗೂ ಪೂರ್ತಿ ಹಣ ಕಟ್ಟಬೇಕಾ, ಅಲ್ಲಿ ರಾತ್ರಿ ಜೊತೆಗೆ ಯಾರು ಇರುತ್ತಾರೆ, ಎಲ್ಲವನ್ನೂ. ಹಣದ ಮಾತು ಬಂತಲ್ಲ, ಇನ್ನೊಂದು. ಬ್ಯಾಂಕಿಗೆಂದು ಪವರ್ ಆಫ್ ಅಟಾರ್ನಿ ಮಾಡಿಸಿದ್ದೇವೆ, ಚಿಂತೆಯಿಲ್ಲ ಅಂತ ಕೂರಬೇಡಿ. 1872ರ ಕರಾರು ಕಾನೂನಿನ 201ನೇ ಸೆಕ್ಷನ್ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ವಸ್ಥವಾಗಿಲ್ಲ ಎಂದಾದರೆ ಅದು ಮುಗಿಯುತ್ತದೆ. ಆಮೇಲೆ ಪಾಲಕರನ್ನು ನೇಮಿಸಿ ಅಂತ ಮುಂಬೈ ಹೈಕೋರ್ಟಿನವರೆಗೆ ಹೋಗಬೇಕಾಗಬಹುದು. ಅವರಿಗೆ ತಿಳಿವಳಿಕೆ ಇರುವಾಗಲೇ ಜಂಟಿ ಖಾತೆ, ನಾಮಿನಿ, ಉಯಿಲು ಮುಗಿಸಿಕೊಳ್ಳಿ. ಈ ಮಾತು ಎತ್ತಿದ್ದಕ್ಕೂ ನನಗೆ ಬೈಗುಳ ಬಿದ್ದಿದೆ, ಆಸ್ತಿ ಮೇಲೆ ಕಣ್ಣಿಟ್ಟಳು ಅಂತ.

ಕ್ಯಾಮೆರಾ ಇದೆಯಾ ಅಂತ ಕೇಳುವವರಿಗೆ: ಇದೆ. ನನ್ನ ಗಂಡ ಆಫೀಸಿನಲ್ಲಿ ಕೂತು ಮೊಬೈಲಿನಲ್ಲಿ ನೋಡುತ್ತಾನೆ. ಅದರಲ್ಲಿ ಹಾಲ್, ಎರಡು ಕುರ್ಚಿ, ಟಿವಿ ಕಾಣುತ್ತದೆ. ಒದ್ದೆ ಹಾಸಿಗೆಯ ವಾಸನೆ ಬರುವುದಿಲ್ಲ. ಅದಕ್ಕೆ ಶನಿವಾರ ಅವನನ್ನೇ ಕಳಿಸುತ್ತೇನೆ, ಹೇಳದೆ ಕೇಳದೆ, ಬೇರೆ ಬೇರೆ ಹೊತ್ತಿಗೆ. ಇನ್ನು ಮೇಲೆ ಚೊಲೋ ನೋಡ್ಕೋತಾರೇನು ಅಂತ ಕೇಳುವವರು ದಯವಿಟ್ಟು ಅವನ ನಂಬರ್ ಇಸಿದುಕೊಳ್ಳಿ.