ಲ್ಯಾವೆನಮ್‌ನ ಸೊಟ್ಟ ಮನೆ

ಇಂಗ್ಲೆಂಡಿನ ಸಫಕ್ ಕೌಂಟಿಯ ಲ್ಯಾವೆನಮ್‌ನಲ್ಲಿ ನೆಟ್ಟಗೆ ನಿಂತ ಹಳೇ ಮನೆ ಸಿಗುವುದೇ ಕಷ್ಟ. 15-16ನೇ ಶತಮಾನದಲ್ಲಿ ಉಣ್ಣೆ ಬಟ್ಟೆಯ ವ್ಯಾಪಾರದಿಂದ ಕೊಬ್ಬಿದ ಊರಿದು. ಆಮೇಲೆ ದುಡ್ಡು ಬತ್ತಿತು. ಕೆಡವಿ ಕಟ್ಟುವವರಿಲ್ಲದೆ ಮರದ ಚೌಕಟ್ಟಿನ ಮನೆಗಳು ಹಾಗೇ ಉಳಿದವು. ಬಡತನಕ್ಕೂ ಒಂದು ಉಪಯೋಗ ಅನ್ನಿ.

ಕೊಳ್ಳಲೆಂದು ನಾವು ನೋಡಿದ್ದು ಗ್ರೇಡ್ 2 ಪಟ್ಟಿಯ ಮನೆ, ಅಂದರೆ ಕಾನೂನಿನ ರಕ್ಷಣೆಯಿರುವ ಪಾರಂಪರಿಕ ಕಟ್ಟಡ. ಅಂಥದ್ದರಲ್ಲಿ ಅನುಮತಿಯಿಲ್ಲದೆ ಹಳೇ ಕಿಟಕಿ ಕಿತ್ತು ಹೊಸದು ಕೂರಿಸಿದರೆ ಕ್ರಿಮಿನಲ್ ಅಪರಾಧ. ಹಿಂದಿನವರು ಮಾಡಿಟ್ಟ ಎಡವಟ್ಟನ್ನು ಸರಿಪಡಿಸುವ ಹೊಣೆಯೂ ಕೊಂಡವರ ತಲೆಗೇ ಬರಬಹುದು. ಕೊಳ್ಳುವ ಮುಂಚೆ ಮನೆಯ ಸ್ಥಿತಿ ಪರೀಕ್ಷಿಸುವ ಸರ್ವೇಯರ್ ಗೋಡೆ ತಟ್ಟಿ ನೋಡಿ, “ಯಾರೋ ಸಿಮೆಂಟ್ ಮೆತ್ತಿದ್ದಾರೆ” ಎಂದರು. ಸುಣ್ಣದ ಗಾರೆಯಾದರೆ ತೇವ ಆರಿಹೋಗುತ್ತದೆ. ಸಿಮೆಂಟು ಅದನ್ನು ಒಳಗೇ ಹಿಡಿದಿಟ್ಟು ಓಕ್ ಮರವನ್ನು ಕೊಳೆಸುತ್ತದೆ. ಮೂಲೆಯ ತೊಲೆಗೆ ಅವರು ಸ್ಕ್ರೂಡ್ರೈವರ್ ಚುಚ್ಚಿದರೆ ನೆನೆದ ರಸ್ಕಿಗೆ ಇಳಿದಂತೆ ಇಳಿಯಿತು.

ಬೆಲೆ ಇಳಿಸಿ ಕೇಳಿದೆವು, ಒಪ್ಪಿದರು. ಆದರೆ ಕರಾರು ಪತ್ರ ವಿನಿಮಯವಾಗುವ ತನಕ ಇಲ್ಲಿ ಯಾರ ಮಾತೂ ಯಾರನ್ನೂ ಕಟ್ಟಿಹಾಕುವುದಿಲ್ಲ. “ಅಡ್ವಾನ್ಸೇ ಕೊಡದೆ ಅದೇನು ವ್ಯಾಪಾರನಮ್ಮಾ?” ಎಂದು ಬೆಂಗಳೂರಿನಿಂದ ಮಾವನವರ ಫೋನು.

ಊರಿನ ರೈಲು 1960ರ ದಶಕದಲ್ಲೇ ನಿಂತಿದೆ. ರೈಲು ಹತ್ತಲು ಸಡ್‌ಬರಿಗೇ ಹೋಗಬೇಕು. ಮಹಡಿಯ ನೆಲ ಕಿಟಕಿಯ ಕಡೆ ವಾಲಿದೆ, ಮಂಚದ ಎರಡು ಕಾಲಿಗೆ ಹಲಗೆ ಕೊಟ್ಟು ಮಲಗುತ್ತೇವೆ.